ನೂರು ವರ್ಷದ ಯುದ್ಧಕ್ಕೆ ಆಕ್ಷೇಪಣೆ

ಕಲಬುರಗಿಯ ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ಈ ಸಲ ಪ್ರಪಂಚ ಇತಿಹಾಸದ ಕ್ವಿಜ್ ಇಡೋಣ ಅಂತ ಕಮಿಟಿಯವರಿಗೆ ಯಾಕೆ ಹೊಳೆಯಿತೋ, ಮೈಕು ನನ್ನ ಕೈಗೆ ಬಂತು. ಬಹುಮಾನ ಸ್ಟೀಲ್ ಡಬ್ಬಿಗಳ ಸೆಟ್ಟು. ಹಾಗಾಗಿ ಮುಂದಿನ ಸಾಲಿನಲ್ಲಿ ಮಕ್ಕಳಿಗಿಂತ ಅಪ್ಪ-ಅಮ್ಮಂದಿರೇ ಜಾಸ್ತಿ.

ಮೊದಲ ಪ್ರಶ್ನೆ ಸುಮ್ನೆ ತಮಾಷೆಗೆ ಇಟ್ಟಿದ್ದೆ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧ ನಡೆದದ್ದು ಎಷ್ಟು ವರ್ಷ? ಒಬ್ಬ ಹುಡುಗ ಎದ್ದು "ನೂರು" ಅಂದ. ತಪ್ಪು. 1337ರಿಂದ 1453ರವರೆಗೆ, ಅಂದರೆ 116. ಅವನ ಅಪ್ಪ ಎದ್ದು ನಿಂತರು. "ನೂರು ಅಂತ ಹೇಳಿ ನೂರಾ ಹದಿನಾರು ಕೇಳ್ತೀರೇನ್ರಿ? ಸಾವಕಾರ ಬಡ್ಡಿ ಹಚ್ಚಿದಂಗ ಆತಲ್ಲ!"

ರಷ್ಯಾದ ಅಕ್ಟೋಬರ್ ಕ್ರಾಂತಿ ಯಾವ ತಿಂಗಳಲ್ಲಿ ಆಯಿತು? ಈ ಸಲ ಯಾರೂ ಬಾಯಿ ಬಿಡಲಿಲ್ಲ. ಈಗಿನ ಲೆಕ್ಕದಲ್ಲಿ ಅದು 1917ರ ನವೆಂಬರ್ 7, ಆಗ ರಷ್ಯಾದವರ ಹಳೇ ಕ್ಯಾಲೆಂಡರ್ 13 ದಿನ ಹಿಂದಿತ್ತು ಅಂತ ಬಿಡಿಸಿ ಹೇಳುತ್ತಿದ್ದರೆ ಗದ್ದಲವೋ ಗದ್ದಲ. ಅರ್ಥವಾಗಿದ್ದು ಹಿಂದೆ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರಿಗೆ ಮಾತ್ರ. "ಅದ್ರಾಗೇನದ? ಮಾರವಾಡಿ ಮಂದಿಗೆ ಶ್ರಾವಣ ನಮಗಿಂತ ಹದಿನೈದು ದಿನ ಮೊದಲ ಬರಂಗಿಲ್ಲೇನು?" ಡಬ್ಬಿ ಸೆಟ್ಟು ಅವರಿಗೇ ಕೊಟ್ಟು ಮನೆಗೆ ಹೋಗಬೇಕಿತ್ತು.

1347ರಲ್ಲಿ ಹಡಗುಗಳ ಜೊತೆ ಪ್ಲೇಗು ಸಿಸಿಲಿ ದ್ವೀಪಕ್ಕೆ ಬಂದಿಳಿಯಿತು. ಅದೇ ವರ್ಷ ನಮ್ಮೂರಲ್ಲಿ ಯಾವ ರಾಜ್ಯ ಶುರುವಾಯಿತು? ಕೆಎಎಸ್‌ಗೆ ಓದುತ್ತಿದ್ದ ಹುಡುಗನೊಬ್ಬ ಕೈ ಎತ್ತಿದ. "ಆಪ್ಷನ್ ಕೊಡ್ರಿ ಸರ್." ಪೆಂಡಾಲಿನಿಂದ ಕೋಟೆಗೆ ಆಟೋದಲ್ಲಿ ಹತ್ತು ನಿಮಿಷ, ಇವನಿಗೆ ಆಪ್ಷನ್ ಬೇಕು! ಬಹಮನಿ, ಬರೀದ್ ಶಾಹಿ, ಆದಿಲ್ ಶಾಹಿ, ಹೊಯ್ಸಳ ಅಂತ ಅಲ್ಲೇ ಜೋಡಿಸಿದೆ. "ಮೇಲಿನ ಯಾವುದೂ ಅಲ್ಲ, ಅದು ಇಲ್ಲೇನ್ರಿ?" ಅಂತ ಕೇಳಿ, ಆಮೇಲೆ "ಎ, ಬಹಮನಿ" ಅಂದ.

ಬಡ್ಡಿಯ ಅಪ್ಪ ಮತ್ತೆ ಎದ್ದರು. ಇದು ಕರ್ನಾಟಕದ ಇತಿಹಾಸ, ಪ್ರಪಂಚದ್ದಲ್ಲ, ಸಿಲಬಸ್ಸಿನ ಹೊರಗಿನದು ಅಂತ ಆಕ್ಷೇಪಣೆ. ಇರಾನಿನ ಗಿಲಾನ್‌ನಿಂದ ಬಂದ ಮಹಮೂದ್ ಗವಾನ್ ಇದೇ ರಾಜ್ಯಕ್ಕೆ ಮಂತ್ರಿಯಾಗಿ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ, ಇರಾನ್ ಪ್ರಪಂಚದಲ್ಲಿ ಇಲ್ವಾ ಅಂದೆ. ಕೇಳುವವರು ಯಾರು, ಅಷ್ಟೊತ್ತಿಗೆ ಸುಸಲಾ, ಮಿರ್ಚಿ ಭಜಿ ಬಂದಿತ್ತು.

ಪರಿಷ್ಕೃತ ಕೀ ಉತ್ತರ ಬರುವವರೆಗೆ ಬಹುಮಾನ ತಡೆಹಿಡಿಯಬೇಕು ಅಂತ ಕಮಿಟಿ ತೀರ್ಮಾನ. ಗಣಪತಿ ಹೋದ, ದಸರಾನೂ ಮುಗಿಯಿತು. ಡಬ್ಬಿಗಳು ನಮ್ಮ ಮನೆಯಲ್ಲೇ ಇವೆ. ದೊಡ್ಡದರಲ್ಲಿ ನಮ್ಮವಳು ಆಗಲೇ ತೊಗರಿಬೇಳೆ ತುಂಬಿದ್ದಾಳೆ.