ಬಾರ್ಡಿನ್ ಅವರ ಶುಕ್ರವಾರದ ಸಂಜೆ

ಅಮೆರಿಕದ ಯಹೂದಿ ಯುವಜನರಿಗಾಗಿ ಬ್ರಾಂಡೈಸ್ ಶಿಬಿರ ಕಟ್ಟಿದ ಶ್ಲೋಮೊ ಬಾರ್ಡಿನ್ ಅವರನ್ನು ತಮ್ಮ ಲೇಖನದಲ್ಲಿ ನೆನೆದದ್ದಕ್ಕೆ ಲೇಖಕರಿಗೆ ವಂದನೆ. ಆದರೆ ‘ಅಮೆರಿಕದ ಯಹೂದಿ ಯುವಜನರನ್ನು ತಮ್ಮ ಪರಂಪರೆಯತ್ತ ಮರಳಿಸಿದ್ದು ಅವರ ವಾಕ್ಚಾತುರ್ಯ’ ಎಂಬ ಮಾತನ್ನು ನಾನು ಒಪ್ಪಲಾರೆ. ಭಾಷಣ ಕೇಳಿ ಯಾರೂ ಅರವತ್ತು ವರ್ಷ ನೆನಪಿಟ್ಟುಕೊಳ್ಳುವುದಿಲ್ಲ. ಬಾರ್ಡಿನ್ ಶಿಕ್ಷಣ ತಜ್ಞರು. ವಯಸ್ಕರಿಗಾಗಿ ಇದ್ದ ಡೆನ್ಮಾರ್ಕಿನ ಜನತಾ ಶಾಲೆಗಳಿಂದಲೂ ಯಹೂದಿಗಳು ಒಟ್ಟಾಗಿ ದುಡಿದು ಬಾಳುವ ಕಿಬ್ಬುಟ್ಸ್ ಬದುಕಿನಿಂದಲೂ ಪಾಠ ಕಲಿತವರು. 1941ರಲ್ಲಿ ಶಿಬಿರ ಶುರುವಾದಾಗಿನಿಂದ 1976ರಲ್ಲಿ ತೀರಿಕೊಳ್ಳುವವರೆಗೂ ಅವರು ಓದು, ಮೈಮುರಿಯುವ ದುಡಿಮೆ, ಹಾಡು, ಕುಣಿತ ಎಲ್ಲವನ್ನೂ ಒಟ್ಟಿಗೆ ಬೆಸೆದರು. ಸಂಗೀತಕ್ಕೆಂದು ಅವರು ಕರೆತಂದ ಸಂಗೀತ ಸಂಯೋಜಕ ಮ್ಯಾಕ್ಸ್ ಹೆಲ್ಫ್‌ಮನ್ ಅವರ ಹೆಸರೇ ಲೇಖನದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ.

ನಾವು ಲಾಸ್ ಏಂಜಲೀಸಿನಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿ ಕಾಲೇಜು ದಿನಗಳಲ್ಲಿ ಸಿಮಿ ವ್ಯಾಲಿಯ ಆ ಶಿಬಿರಕ್ಕೆ ಹೋಗಿದ್ದವರು. ಬಾರ್ಡಿನ್ ಏನು ಹೇಳಿದರೆಂದು ಕೇಳಿದರೆ ಅವರಿಗೆ ಒಂದು ವಾಕ್ಯವೂ ನೆನಪಿರಲಿಲ್ಲ. ಶುಕ್ರವಾರ ಸಂಜೆ ಎಲ್ಲರೂ ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಡೆದದ್ದು ಮಾತ್ರ ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಿದ್ದರು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ದೀಪ ಹಚ್ಚುವಾಗ ಅಲ್ಲಿ ಕಲಿತ ರಾಗವನ್ನೇ ಗುನುಗುತ್ತಿದ್ದರು, ಎಡಗೈ ಬೆರಳುಗಳು ಮೇಜಿನ ಅಂಚಿನಲ್ಲಿ ತಾಳ ಹಾಕುತ್ತಿದ್ದವು. ಅವರ ತಾಯಿಯ ಮನೆಯಲ್ಲಿ ಯಾರೂ ದೀಪ ಹಚ್ಚುತ್ತಿರಲಿಲ್ಲವಂತೆ.

ಅಜ್ಜಿಯ ಈ ಮಾತು ಕೇಳಿದ ವರ್ಷವೇ ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿಯಲ್ಲಿ ನಾನು ಕಾಗುಣಿತದ ಹಾಳೆಗಳನ್ನು ಬದಿಗಿಟ್ಟು, ರೊಟ್ಟಿ ತಟ್ಟಿಸುತ್ತಾ ಹಾಡು ಹೇಳಿಕೊಡಲು ಆರಂಭಿಸಿದೆ.