ಸ್ಪಷ್ಟನೆ: 10,000 ಎಂಎಎಚ್ ಪವರ್ ಬ್ಯಾಂಕ್ ಫೋನನ್ನು ಎರಡು ಬಾರಿ ತುಂಬಿಸುವುದಿಲ್ಲ

‘10,000 ಎಂಎಎಚ್ ಪವರ್ ಬ್ಯಾಂಕ್ ಇದ್ದರೆ 5,000 ಎಂಎಎಚ್ ಫೋನ್ ಎರಡು ಸಲ ಫುಲ್ ಆಗುತ್ತದೆ, ವೈರ್‌ಲೆಸ್‌ನಲ್ಲೂ ಅಷ್ಟೇ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

10,000 ಎನ್ನುವುದು ಒಳಗಿನ ಸೆಲ್‌ನ 3.7 ವೋಲ್ಟ್‌ನ ಲೆಕ್ಕ, ಅಂದರೆ 37 ವ್ಯಾಟ್-ಅವರ್ ಶಕ್ತಿ. ಅದನ್ನು 5 ವೋಲ್ಟ್‌ಗೆ ಏರಿಸುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಪವರ್ ಬ್ಯಾಂಕಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ (ನಿಜವಾಗಿ ಹೊರಗೆ ಸಿಗುವ ಸಾಮರ್ಥ್ಯ) ಎಂದು ಸುಮಾರು 6,000 ಎಂಎಎಚ್ ಇರುತ್ತದಲ್ಲ, ಕೊಳ್ಳುವಾಗ ನೋಡಬೇಕಾದ್ದು ಅದನ್ನೇ. ಅದು 5 ವೋಲ್ಟ್‌ನ ಲೆಕ್ಕ, ಅಂದರೆ ಸುಮಾರು 30 ವ್ಯಾಟ್-ಅವರ್. 5,000 ಎಂಎಎಚ್ ಫೋನಿಗೆ ಸುಮಾರು 19 ವ್ಯಾಟ್-ಅವರ್ ಬೇಕು. ಕೇಬಲ್‌ನಲ್ಲಿ ಸುಮಾರು ಒಂದೂವರೆ ಬಾರಿ, ವೈರ್‌ಲೆಸ್‌ನಲ್ಲಿ ಹೆಚ್ಚೂಕಡಿಮೆ ಒಂದೇ ಬಾರಿ.

ವೈರ್‌ಲೆಸ್‌ನಲ್ಲಿ ಪವರ್ ಬ್ಯಾಂಕ್ ಮತ್ತು ಫೋನಿನೊಳಗಿನ ಕಾಯಿಲ್‌ಗಳು (ತಂತಿ ಸುರುಳಿಗಳು) ಕೆಲವು ಮಿಲಿಮೀಟರ್ ಸರಿದರೂ ನಷ್ಟ ಹೆಚ್ಚುತ್ತದೆ, ಫೋನ್ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ದಪ್ಪ ಕವರ್ ತೆಗೆಯಿರಿ. ಕಾರ್ ಹೋಲ್ಡರ್‌ಗೆಂದು ಹಿಂದೆ ಅಂಟಿಸಿದ ಲೋಹದ ತಗಡಿದ್ದರಂತೂ ಚಾರ್ಜ್ ಆಗುವುದೇ ಕಷ್ಟ. ಮ್ಯಾಗ್ನೆಟ್ ಇರುವ ಮಾದರಿ ಕಾಯಿಲ್‌ಗಳನ್ನು ಸರಿಯಾಗಿ ಕೂರಿಸುತ್ತದೆ, ಆದರೆ ನಿಮ್ಮ ಫೋನಿನಲ್ಲೂ ಮ್ಯಾಗ್ನೆಟ್ ಉಂಗುರ ಇರಬೇಕು.

ಚಾರ್ಜ್ ಆಗುವ ವೇಗ ಪರೀಕ್ಷಿಸುವುದಾದರೆ ಫೋನ್ 20 ಶೇಕಡಾದಲ್ಲಿದ್ದಾಗ ಇಟ್ಟು, ಪರದೆ ಆರಿಸಿ, 80ಕ್ಕೆ ಬಂದಾಗ ನಿಲ್ಲಿಸಿ. ಕೊನೆಯ 20 ಶೇಕಡಾ ಹೇಗೂ ನಿಧಾನ, ಅದರಿಂದ ವೇಗ ಅಳೆಯಬೇಡಿ.