ಗಿಡಮರ ಇಷ್ಟ ಅಂತ ಮಗಳನ್ನು ಪರಿಸರ ವಿಜ್ಞಾನಕ್ಕೆ ಸೇರಿಸಬೇಡಿ

ಪಿಯುಸಿ ರಿಸಲ್ಟ್ ಬಂತೆಂದರೆ ನನ್ನ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಮೇಡಂ, ಮಗಳಿಗೆ ನೀಟ್‌ನಲ್ಲಿ ಆಗಲ್ಲ ಅನ್ಸತ್ತೆ. ಗಿಡ, ಹಕ್ಕಿ ಅಂದ್ರೆ ಪ್ರಾಣ ಬಿಡ್ತಾಳೆ. ಬಿಎಸ್ಸಿ ಎನ್ವಿರಾನ್‌ಮೆಂಟಲ್ ಸೈನ್ಸ್ ಸೇರಿಸಬಹುದಾ?" ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಈ ಸಲ ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದಾಗ ಓದಿ.

ಸೇರಿಸಬಹುದು. ಆದರೆ ಗಿಡ, ಹಕ್ಕಿ ಅಂದರೆ ಪ್ರಾಣ ಎನ್ನುವ ಕಾರಣಕ್ಕೆ ಬೇಡ. ಆ ಪ್ರೀತಿಗೆ ಡಿಗ್ರಿ ಬೇಕಿಲ್ಲ, ಒಂದು ಬೈನಾಕ್ಯುಲರ್ ಸಾಕು. ಈ ಪದವಿ ಕಲಿಸುವುದು ಎರಡೇ ಕೆಲಸ: ಅಳೆಯುವುದು ಮತ್ತು ಕಾಗದ ಓದುವುದು. ಎರಡೂ ಬೇಸರದ ಕೆಲಸಗಳೇ. ಆ ಬೇಸರ ತಡೆದುಕೊಳ್ಳುವ ಹುಡುಗಿಯಾದರೆ ಕಣ್ಣುಮುಚ್ಚಿ ಸೇರಿಸಿ.

ನಾನು ಕೋಲಾರ ಜಿಲ್ಲೆಯವಳು. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರದ ಜೊತೆಗೆ ಪರಿಸರ ವಿಜ್ಞಾನ ಇಟ್ಟುಕೊಂಡು ಬೆಂಗಳೂರಿನಲ್ಲಿ ಬಿಎಸ್ಸಿ, ಆಮೇಲೆ ಎಂಎಸ್ಸಿ. ಸ್ವಲ್ಪ ಕಾಲ ನೀರು ಪರೀಕ್ಷೆ ಮಾಡುವ ಲ್ಯಾಬ್, ಸ್ವಲ್ಪ ಕಾಲ ಒಂದು ಕನ್ಸಲ್ಟೆನ್ಸಿ, ಈಗ ಅತಿಥಿ ಉಪನ್ಯಾಸಕಿ. (ಅತಿಥಿ ಉಪನ್ಯಾಸಕರ ಪಾಡು ಇನ್ನೊಂದು ಪೋಸ್ಟಿನ ವಿಷಯ. ಅದನ್ನು ಶುರು ಮಾಡಿದರೆ ಇವತ್ತು ಮುಗಿಯುವುದಿಲ್ಲ.)

ಮೊದಲ ವರ್ಷ ಕಾಡು ಕಾಣುವುದಿಲ್ಲ, ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಕಾಣುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ಪ್ರಾಕ್ಟಿಕಲ್ಲನ್ನೇ ನೋಡಿ. ವಿಂಕ್ಲರ್ ವಿಧಾನ ಎನ್ನುತ್ತಾರೆ. 300 ಮಿಲಿಲೀಟರಿನ ಗಾಜಿನ ಬಾಟಲಿಯಲ್ಲಿ ಒಂದೇ ಒಂದು ಗುಳ್ಳೆ ಉಳಿಯದ ಹಾಗೆ ನೀರು ತುಂಬಬೇಕು. ಗುಳ್ಳೆ ಉಳಿದರೆ ಅದರ ಆಮ್ಲಜನಕವೂ ಲೆಕ್ಕಕ್ಕೆ ಸೇರಿ ಎಲ್ಲ ಹಾಳು. ಅಲ್ಲೇ ದಡದಲ್ಲಿ ನಿಂತು ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆ ಕ್ಷಾರೀಯ ಅಯೊಡೈಡ್ ದ್ರಾವಣ ಹಾಕಿ, ಮುಚ್ಚಳ ಬಿಗಿದು, ಬಾಟಲಿಯನ್ನು ತಲೆಕೆಳಗು ಮಾಡಿ ಬೆರೆಸಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ರಾಗಿ ಅಂಬಲಿಯ ಹಾಗೆ ಕಂದು ಗಸಿ ಕಟ್ಟಿ ನಿಧಾನಕ್ಕೆ ತಳಕ್ಕಿಳಿಯುತ್ತದೆ. ಮುಂದಿನದು ಲ್ಯಾಬಿನಲ್ಲಿ. ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಗಸಿ ಕರಗಿ ಹಳದಿಯಾಗುತ್ತದೆ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ, ಹಳದಿ ತೆಳುವಾದಾಗ ಪಿಷ್ಟ ಸೇರಿಸಿ, ನೀಲಿ ಮಾಯವಾಗುವ ಆ ಹನಿಗೆ ಸರಿಯಾಗಿ ಕೈ ನಿಲ್ಲಿಸಬೇಕು.

ಕೆಂಗೇರಿ ಹತ್ತಿರ ವೃಷಭಾವತಿಯ ನೀರು ತುಂಬಿಕೊಂಡು ನಾವು ಇದನ್ನು ಮಾಡಿದಾಗ ಕಂದು ಬರಲೇ ಇಲ್ಲ. ಬಿಳಿ ಗಸಿ ಬಂತು. ಆಮ್ಲಜನಕ ಇಲ್ಲದ ನೀರಿನಲ್ಲಿ ಬರುವುದು ಬಿಳಿಯೇ. ಟೈಟ್ರೇಷನ್, ಅಂದರೆ ಹನಿ ಬಿಟ್ಟು ಅಳೆಯುವ ಪ್ರಶ್ನೆಯೇ ಇರಲಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಜನ ನಂಬಿರುವ ನದಿ ಅದು. ಬೈರಮಂಗಲ ಕೆರೆ ಹಾದು ಅರ್ಕಾವತಿ ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಅದು ಕೆಟ್ಟಿದೆ ಎಂದು ಮೈಸೂರು ರಸ್ತೆಯ ಬಸ್ಸಿನಲ್ಲಿ ಮೂಗು ಮುಚ್ಚಿಕೊಳ್ಳುವ ಎಲ್ಲರಿಗೂ ಗೊತ್ತು. ಎಷ್ಟು ಕೆಟ್ಟಿದೆ, ಯಾವ ಕಾಲುವೆ ಸೇರಿದ ಮೇಲೆ ಹೆಚ್ಚಾಗುತ್ತದೆ, ಹಗಲು ಹೆಚ್ಚೋ ರಾತ್ರಿಯೋ ಎಂದು ಅಂಕಿ ಹಿಡಿದು ಹೇಳುವವರು ಬೆರಳೆಣಿಕೆ. ಅಂಕಿ ಇಲ್ಲದ ದೂರನ್ನು ಯಾವ ಕಚೇರಿಯೂ ಎರಡನೇ ಸಲ ಓದುವುದಿಲ್ಲ.

ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯುವ ಬಿಒಡಿ ಪರೀಕ್ಷೆಗೆ ಇನ್ನೂ ತಾಳ್ಮೆ ಬೇಕು. ಹಳೆಯ ಪದ್ಧತಿಯಲ್ಲಿ 20 ಡಿಗ್ರಿಯಲ್ಲಿ 5 ದಿನ, ಈಗಿನ ಭಾರತೀಯ ಮಾನಕದಲ್ಲಿ 27 ಡಿಗ್ರಿಯಲ್ಲಿ 3 ದಿನ ಬಾಟಲಿಗಳನ್ನು ಕತ್ತಲಲ್ಲಿ ಇಡಬೇಕು. ಎರಡನೇ ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ನಿಂತಿತೋ, ಮತ್ತೆ ಮೊದಲಿಂದ.

ಇಷ್ಟೆಲ್ಲ ಕಲಿತು ಏನು ಪ್ರಯೋಜನ ಎಂದರೆ ನಮ್ಮೂರ ಕಡೆಯದೇ ವಿಷಯ ಹೇಳುತ್ತೇನೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಪಂಪ್ ಮಾಡಿ ಬರಗಾಲದ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಯೋಜನೆ. ಜುಲೈನಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಮತ್ತೆ ಹರಿಯಿತು. ಅಂದಿನಿಂದ ಜಿಲ್ಲೆಯಲ್ಲಿ ಎರಡು ಪಕ್ಷ. ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಕಂಡವರಿಗೆ ಅದು ಗಂಗೆ, ಎದುರಿನವರಿಗೆ ವಿಷ. ನೆಂಟರ ಮನೆಗೆ ಹೋದರೆ ಕಾಫಿ ಕೈಗೆ ಕೊಡುವ ಮೊದಲೇ ಕೇಳುತ್ತಾರೆ: "ನೀನು ಓದ್ದೋಳಲ್ವಾ, ಹೇಳು, ಆ ನೀರು ಒಳ್ಳೇದಾ ಕೆಟ್ಟದ್ದಾ?"

ನನ್ನ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. "ಯಾತಕ್ಕೆ?" ಎಂದು ತಿರುಗಿ ಕೇಳುತ್ತೇನೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ವಿಂಗಡಿಸಿರುವುದೇ ಹಾಗೆ, ಬಳಕೆಯ ಲೆಕ್ಕದಲ್ಲಿ. ಸ್ನಾನದ ನೀರಿಗೆ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಬೇಕು. ಮೀನು ಬದುಕುವ ನೀರಿಗೆ 4. ಹೊಲಕ್ಕೆ ಬಿಡುವ ನೀರಿನಲ್ಲಿ ಆಮ್ಲಜನಕಕ್ಕಿಂತ ಲವಣ, ಸೋಡಿಯಂ, ಬೋರಾನ್ ಮುಖ್ಯ. ಅದೇ ನೀರು ಹಿಪ್ಪುನೇರಳೆ ತೋಟಕ್ಕೆ ಸರಿ ಇದ್ದು, ಕುಡಿಯಲು ಬಾರದಿರಬಹುದು. ಕೆರೆಯಿಂದ ಇಂಗಿ ಬಾವಿಗೆ ಹೋದ ಮೇಲೆ ಅದು ಇನ್ನೊಂದೇ ಲೆಕ್ಕ. ಇನ್ನು ನಮ್ಮ ಆಳದ ಬೋರ್‌ವೆಲ್ ನೀರೇನು ಪವಿತ್ರವೇ? ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ರವರೆಗೆ ಒಪ್ಪಬಹುದು ಎನ್ನುತ್ತದೆ ಕುಡಿಯುವ ನೀರಿನ ಮಾನಕ. ಅದನ್ನು ಮೀರಿದ ನೀರನ್ನು ತಲೆಮಾರಿನಿಂದ ಕುಡಿದು ಹಲ್ಲು ಕಂದಾದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಮೂರನೇ ಹಂತದ ಸಂಸ್ಕರಣೆ ಬೇಕು ಎನ್ನುವ ಬೇಡಿಕೆ ನ್ಯಾಯವಾದದ್ದು, ನನ್ನ ಸಹಿಯೂ ಅದಕ್ಕಿದೆ. ಆದರೆ ಅದರ ಜೊತೆಗೆ ಕೆರೆ ಕೆರೆಗೂ, ಬಾವಿ ಬಾವಿಗೂ, ಮಳೆಗಾಲ ಬೇಸಿಗೆ ಎರಡರಲ್ಲೂ ಅಳತೆ ಬೇಕು. ಅದನ್ನು ಮಾಡುವವರು ಯಾರು? ಕೋಲಾರ, ಚಿಂತಾಮಣಿಯ ಪದವಿ ಕಾಲೇಜುಗಳ ಹುಡುಗ ಹುಡುಗಿಯರು ಮಾಡಬಹುದು. ಅವರ ಮನೆ ಪಕ್ಕದ ಕೆರೆ ತಾನೆ?

ಈಗ ಇನ್ನೊಂದು ಗೊಂದಲ. "ಎನ್ವಿರಾನ್‌ಮೆಂಟಾ? ಅದು ನಾವೂ ಓದಿದ್ವಲ್ಲ, ಪಾಸ್ ಆದ್ರೆ ಸಾಕಿತ್ತು" ಎನ್ನುತ್ತಾರೆ ಬಿಕಾಂ ಮಾಡಿದವರು. ಅದು ಈ ಪದವಿಯಲ್ಲ, ಎಲ್ಲರಿಗೂ ಕಡ್ಡಾಯವಾದ ಒಂದು ಪತ್ರಿಕೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯ ಎಂದಿತು, 2003ರಲ್ಲಿ ಮತ್ತೆ ಗದರಿತು, ಆಮೇಲೆ ಯುಜಿಸಿಯ ಪಠ್ಯಕ್ರಮ ದೇಶಕ್ಕೆಲ್ಲ ಬಂತು. ಆಗ ಅದರಲ್ಲಿ ಇದ್ದದ್ದು 8 ಘಟಕ, 50 ತರಗತಿ, ಕೊನೆಯ ಘಟಕ ಕ್ಷೇತ್ರಕಾರ್ಯ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ನಡೆಯುವುದು ಹೇಗೆಂದರೆ, ಯಾರಿಗೆ ವರ್ಕ್‌ಲೋಡ್ ಕಡಿಮೆ ಬಿತ್ತೋ ಅವರ ತಲೆಗೆ ಈ ಪತ್ರಿಕೆ. ಇತಿಹಾಸದವರು ಓಝೋನ್ ಪಾಠ ಮಾಡುತ್ತಾರೆ, ಅವರ ತಪ್ಪಲ್ಲ. ಕ್ಷೇತ್ರಕಾರ್ಯವೆಂದರೆ ಗೂಗಲ್ಲಿನ ಚಿತ್ರ, ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್. ಹೋದ ವರ್ಷ ನನ್ನ ಮೇಜಿಗೆ ಬಂದ ಒಂದು ಪ್ರಾಜೆಕ್ಟಿನ ಮುಖಪುಟದಲ್ಲಿ 'ನಮ್ಮೂರ ಕೆರೆ' ಎಂದಿತ್ತು, ಕೆಳಗಿದ್ದದ್ದು ದಾಲ್ ಸರೋವರ. ಶಿಕಾರಾ ದೋಣಿ ಸಮೇತ.

ಕೋರ್ಟು ಒಳ್ಳೆಯದನ್ನೇ ಬಯಸಿತ್ತು. ಎಲ್ಲರಿಗೂ ಕಡ್ಡಾಯವಾದದ್ದು ಯಾರಿಗೂ ಬೇಡವಾಯಿತು, ಆ ಪತ್ರಿಕೆಯ ಹಗುರ ಹೆಸರು ಪದವಿಗೂ ಅಂಟಿಕೊಂಡಿತು. ಈ ಕೋರ್ಸಿಗೆ ಮಕ್ಕಳು ಕಡಿಮೆಯಾಗಲು ಇದೂ ಒಂದು ಕಾರಣ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದ ಓದುವುದು ಎಂದೆನಲ್ಲ, ಅದಕ್ಕೆ ಬರುತ್ತೇನೆ. ದೊಡ್ಡ ಗಣಿ, ಕಾರ್ಖಾನೆ, ಅಣೆಕಟ್ಟು ಬರಬೇಕಾದರೆ 2006ರ ಸೆಪ್ಟೆಂಬರಿನ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆಯಂತೆ ಪರಿಸರ ಪರಿಣಾಮದ ವರದಿ ಆಗಬೇಕು. ಹೆಚ್ಚಿನವಕ್ಕೆ ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ. ಕರಡು ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ಯಾರು ಬೇಕಾದರೂ ನೋಡಲು ಸಿಗಬೇಕು. ಸಿಗುತ್ತದೆ ಕೂಡ. ನೂರಾರು ಪುಟ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇರುವುದು ಸಾರಾಂಶ ಮಾತ್ರ. ಆ ಸಾರಾಂಶದಲ್ಲಿ ಎಲ್ಲವೂ ಸದಾ ಮಿತಿಯೊಳಗೇ ಇರುತ್ತದೆ. 2020ರಲ್ಲಿ ಅಧಿಸೂಚನೆಯನ್ನೇ ಬದಲಿಸುವ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು.

ಈ ವರದಿಯನ್ನು ಬರೆಸುವವರು ಯಾರು? ಯೋಜನೆ ಮಾಡುವ ಕಂಪನಿಯೇ. ಕನ್ಸಲ್ಟೆಂಟಿಗೆ ದುಡ್ಡು ಕೊಡುವುದೂ ಅದೇ. ರೋಗ ಅಲ್ಲೇ ಶುರು. ಮಹಾರಾಷ್ಟ್ರದ ರತ್ನಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ಎತ್ತಿದ ಭಾಗಗಳು ಸಿಕ್ಕಿದ್ದವು. ಕೊಂಕಣ ಕರಾವಳಿಯಲ್ಲಿ ಚಳಿ ದೇಶದ ಸ್ಪ್ರೂಸ್, ಬರ್ಚ್ ಮರಗಳ ಕಾಡು! ನಾನು ಕೆಲಸ ಮಾಡಿದ ಕನ್ಸಲ್ಟೆನ್ಸಿಯಲ್ಲಿ ಇಷ್ಟು ಧೈರ್ಯ ಇರಲಿಲ್ಲ, ಹಳೆಯ ವರದಿಯಲ್ಲಿ ಜಿಲ್ಲೆಯ ಹೆಸರು ಬದಲಿಸುವ ಮಟ್ಟಿಗೆ ಇತ್ತು. ಪಕ್ಷಿಗಳ ಪಟ್ಟಿ ಮಾತ್ರ ಎಲ್ಲ ಜಿಲ್ಲೆಗೂ ಒಂದೇ: ಕಾಗೆ, ಗೊರವಂಕ, ಬೆಳ್ಳಕ್ಕಿ. ಅಲ್ಲಿ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಆದರೆ ವರದಿಯ ಯಾವ ಅಧ್ಯಾಯ ಮೊದಲು ತೆರೆಯಬೇಕು, ಗಾಳಿಯ ಮಾದರಿ ಯಾವ ತಿಂಗಳಲ್ಲಿ ತೆಗೆದದ್ದು ಎಂದು ಯಾಕೆ ನೋಡಬೇಕು, ಯಾವ ಹಳ್ಳ ನಕ್ಷೆಯಿಂದ ಮಾಯವಾಗಿದೆ, ಇದೆಲ್ಲ ಕಲಿತದ್ದೂ ಅಲ್ಲೇ. ಅಹವಾಲು ಸಭೆಗಳಲ್ಲಿ ಜನ ಎದೆ ಬಡಿದುಕೊಂಡು ಮಾತಾಡುತ್ತಾರೆ, ನಡಾವಳಿಯಲ್ಲಿ ಅದು ಒಂದು ಸಾಲಾಗಿ ಉಳಿಯುತ್ತದೆ. "ಪುಟ ಇಂಥದ್ದರಲ್ಲಿ ನಮ್ಮ ಕೆರೆಯೇ ಇಲ್ಲ" ಎಂದು ಹೇಳಿದ ಮಾತಿಗೆ ಮಾತ್ರ ಅವರು ಉತ್ತರ ಕೊಡಲೇಬೇಕಾಗುತ್ತದೆ. ಪ್ರತಿ ತಾಲ್ಲೂಕಿಗೆ ಹಾಗೆ ಹೇಳಬಲ್ಲ ಒಬ್ಬ ಹುಡುಗಿ ಇದ್ದರೆ ಸಾಕು ಅನ್ನಿಸುತ್ತದೆ ನನಗೆ.

ಸರಿ, ಕೆಲಸ? ಅಪ್ಪ ಅಮ್ಮಂದಿರ ನಿಜವಾದ ಪ್ರಶ್ನೆ ಇದು, ಉಳಿದದ್ದೆಲ್ಲ ಪೀಠಿಕೆ.

ಬರೀ ಬಿಎಸ್ಸಿಗೆ ಸಿಗುವುದು ಲ್ಯಾಬ್, ಅಪಾರ್ಟ್‌ಮೆಂಟ್ ಮತ್ತು ಕಾರ್ಖಾನೆಗಳ ಕೊಳಚೆ ಸಂಸ್ಕರಿಸುವ ಎಸ್‌ಟಿಪಿ, ಕಸ ನಿರ್ವಹಣೆಯ ಸಂಸ್ಥೆಗಳು. ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಳೆದರೆ ಊರಿಗೆ ಕಳಿಸಲು ಹೆಚ್ಚೇನೂ ಉಳಿಯದು. ಎಂಎಸ್ಸಿ ಮಾಡಿ ಕ್ಯೂಜಿಐಎಸ್‌ನಂಥ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನಕ್ಷೆ ಮಾಡುವುದು ಕಲಿತರೆ ಬಾಗಿಲು ದೊಡ್ಡದಾಗುತ್ತದೆ. ಷೇರುಪೇಟೆಯಲ್ಲಿ ಲಿಸ್ಟಾದ ಮೊದಲ 1000 ಕಂಪನಿಗಳು ಪರಿಸರ, ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಕಡ್ಡಾಯ ಮಾಡಿರುವುದರಿಂದ ಆ ಕಡೆಯೂ ಕೆಲಸ ಹುಟ್ಟಿದೆ, ಅದರಲ್ಲಿ ಅರ್ಧ ಎಕ್ಸೆಲ್ ಶೀಟ್ ತುಂಬುವ ಕೆಲಸ ಎನ್ನುವುದು ಬೇರೆ ಮಾತು. ಪಾಠ ಮಾಡುವ ಆಸೆ ಇದ್ದರೆ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯವಾಗಿಯೇ ಇದೆ.

ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ, ಇದನ್ನು ಮಾತ್ರ ಎರಡು ಸಲ ಓದಿ. ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಪದವಿಯಲ್ಲಿ ಇರಬೇಕಾದ ವಿಷಯಗಳ ಪಟ್ಟಿ ಇದೆ: ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನ, ಭೌತ, ಗಣಿತ, ಭೂವಿಜ್ಞಾನ, ಸಂಖ್ಯಾಶಾಸ್ತ್ರ, ಪಶುವೈದ್ಯಕೀಯ, ಇಲ್ಲವೇ ಕೃಷಿ, ಅರಣ್ಯ, ಇಂಜಿನಿಯರಿಂಗ್ ಪದವಿ. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನ ಇಲ್ಲ. ಕಾಡಿನ ಅಧಿಕಾರಿಯಾಗುವ ಕನಸಿಗೆ ಪರಿಸರದ ಪದವಿ ಒಂದೇ ಸಾಲದು! ನಗಬೇಕೋ ಅಳಬೇಕೋ ಗೊತ್ತಿಲ್ಲ. ಆದ್ದರಿಂದ ಕಾಂಬಿನೇಷನ್‌ನಲ್ಲಿ ರಸಾಯನಶಾಸ್ತ್ರ ಬಿಡಲೇಬೇಡಿ, ಜೊತೆಗೆ ಸಸ್ಯ ಅಥವಾ ಪ್ರಾಣಿಶಾಸ್ತ್ರ ಇರಲಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆ ಮನಸ್ಸಿನಲ್ಲಿದ್ದರೆ ಹಳೆಯ ಅಧಿಸೂಚನೆ ತೆಗೆದು ವಿದ್ಯಾರ್ಹತೆಯ ಕಾಲಂ ಈಗಲೇ ಓದಿ, ಪದವಿ ಮುಗಿದ ಮೇಲಲ್ಲ. ಬಿಇಡಿ ಮಾಡಿ ಹೈಸ್ಕೂಲ್ ಮೇಷ್ಟ್ರಾಗುವ ಆಲೋಚನೆ ಇದ್ದವರೂ ಅಷ್ಟೇ, ಯಾವ ಕಾಂಬಿನೇಷನ್‌ಗೆ ಹುದ್ದೆ ಇದೆ ಎಂದು ನೋಡಿಕೊಂಡು ಸೇರಿ. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜುಗಳ ಬಿಎಸ್ಸಿ ಬೇರೆಯೇ ಪದವಿ, ಅದಕ್ಕೆ ಬೇರೆ ಪ್ರವೇಶ. ಎರಡನ್ನೂ ಒಂದೇ ಅಂದುಕೊಂಡು ಬಂದು ಪೇಚಾಡಿದವರಿದ್ದಾರೆ.

ಕಾಲೇಜು ಯಾವುದು ಎಂದು ಕೇಳಬೇಡಿ, ಹೆಸರು ಹೇಳುವುದಿಲ್ಲ. ಹೋಗಿ ನೋಡಿಕೊಂಡು ಬನ್ನಿ. ಪ್ರಾಸ್ಪೆಕ್ಟಸ್ಸಿನ ನವಿಲು ನೋಡಬೇಡಿ, ಲ್ಯಾಬಿಗೆ ಹೋಗಿ ಬಿಒಡಿ ಇನ್‌ಕ್ಯುಬೇಟರಿಗೆ ಪ್ಲಗ್ ಹಾಕಿದೆಯಾ ನೋಡಿ. ಎರಡನೇ ವರ್ಷದ ನಾಲ್ಕು ಮಕ್ಕಳ ರೆಕಾರ್ಡ್ ಪುಸ್ತಕ ಕೇಳಿ ತೆರೆಯಿರಿ. ನಾಲ್ಕರಲ್ಲೂ ಒಂದೇ ರೀಡಿಂಗ್ ಇದ್ದರೆ ಫೀಸ್ ಕಟ್ಟದೆ ಎದ್ದು ಬನ್ನಿ. ಒಬ್ಬಳದ್ದು 6.2, ಇನ್ನೊಬ್ಬಳದ್ದು 5.8, ಮೂರನೆಯವಳದ್ದು ಹೊಡೆದು ತಿದ್ದಿದ್ದಾದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ, ಅಲ್ಲಿಗೇ ಅರ್ಜಿ ಹಾಕಿ.